ಟ್ಯಾಂಕ್ ತೋರಿಸಿಕೊಟ್ಟ ಪುಟ್ಟ ವಿಮಾನ

ಪ್ರಶ್ನೆ: 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ರಾಜಸ್ಥಾನದ ಮರುಭೂಮಿಯ ಲೋಂಗೇವಾಲಾದಲ್ಲಿ ನಡೆದ ಕದನದಲ್ಲಿ ಬೆಂಗಳೂರಿನ ವಿಮಾನವೂ ಇತ್ತಂತೆ, ನಿಜವೇ?

ಉತ್ತರ: ನಿಜ. ಅದರ ಹೆಸರು ಕೃಷಕ್. ನಮ್ಮ ಎಚ್‌ಎಎಲ್‌ನಲ್ಲೇ ತಯಾರಾದದ್ದು. ನಾನು ಮುರುಗೇಶಪಾಳ್ಯದಲ್ಲಿ ಬೆಳೆದವನು, ವಿಮಾನದ ಸದ್ದು ಕೇಳಿದರೆ ಅಂಗಳಕ್ಕೆ ಓಡುತ್ತಿದ್ದೆ. ಅದಕ್ಕೇ ಈ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು.

ಕೃಷಕ್‌ಗೆ ಒಂದೇ ಇಂಜಿನ್. ಬಾಂಬಿಲ್ಲ, ಬಂದೂಕಿಲ್ಲ. ಅದನ್ನು ಹಾರಿಸುತ್ತಿದ್ದವರು ಸೇನೆಯ ಏರ್ ಓಪಿ (ಏರ್ ಅಬ್ಸರ್ವೇಷನ್ ಪೋಸ್ಟ್, ಆಕಾಶದಿಂದ ವೀಕ್ಷಿಸುವ) ಘಟಕದವರು, ಅಂದರೆ ಫಿರಂಗಿ ದಳದ ಅಧಿಕಾರಿಗಳು. ಮೇಲಿನಿಂದ ನೋಡಿ ಗುರಿ ಹೇಳುವುದು ಅವರ ಕೆಲಸ.

ಡಿಸೆಂಬರ್ 4ರ ರಾತ್ರಿ ಪಾಕಿಸ್ತಾನದ ಟ್ಯಾಂಕುಗಳು ಬಂದವು. ಲೋಂಗೇವಾಲಾದ ಗಡಿ ಠಾಣೆಯಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿಯವರ ಜೊತೆ ಇದ್ದದ್ದು ಸುಮಾರು 120 ಜನ. ಜೈಸಲ್ಮೇರ್‌ನಲ್ಲಿದ್ದ ವಾಯುಪಡೆಯ ಹಂಟರ್ ಯುದ್ಧವಿಮಾನಗಳು ರಾತ್ರಿ ದಾಳಿ ಮಾಡುವಂತಿರಲಿಲ್ಲ. ಬೆಳಗಾಗುವವರೆಗೆ ಠಾಣೆಯವರೇ ತಡೆದು ನಿಂತರಲ್ಲ, ಆ ಗಂಟೆಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬೆಳಕು ಹರಿದ ಮೇಲೆ ಹಂಟರ್‌ಗಳು ಎರಗಿದವು. ಮೇಜರ್ ಆತ್ಮಾ ಸಿಂಗ್ ಕೃಷಕ್‌ನಲ್ಲಿ ಮರಳಿನ ಮೇಲೆ ಸುತ್ತುತ್ತಾ ಟ್ಯಾಂಕುಗಳ ಜಾಗ ಹೇಳಿದರು. ಗುಂಡು ಬಿದ್ದರೆ ತಡೆಯುವ ವಿಮಾನ ಅದಲ್ಲ!

ಏರ್ ಓಪಿ ಘಟಕಗಳಿಂದಲೇ 1986ರ ನವೆಂಬರ್ 1ರಂದು ಸೇನೆಯ ವೈಮಾನಿಕ ದಳ ಹುಟ್ಟಿತು. ಹಂಟರ್‌ಗಳ ಹೆಸರು ಎಲ್ಲರಿಗೂ ಗೊತ್ತು. ಕೃಷಕ್‌ನ ಹೆಸರನ್ನೂ ನಿಮ್ಮ ಮಕ್ಕಳಿಗೆ ಹೇಳಿ.