ತಪ್ಪು ಮಾಡದವರನ್ನು ತಡೆದರೆ ಕಳ್ಳ ಸಿಗುತ್ತಾನಾ?

ನ್ಯೂಯಾರ್ಕ್ ಪೊಲೀಸರು ದಾರಿಯಲ್ಲಿ ಹೋಗುವವರನ್ನು ತಡೆದು ಮೈ ತಡವಿ ನೋಡುವ ‘ಸ್ಟಾಪ್ ಅಂಡ್ ಫ್ರಿಸ್ಕ್’ ಪದ್ಧತಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಲೇಖನ ಹಾಕಿದ್ದೆವು. ದಾವಣಗೆರೆಯ ಓದುಗರೊಬ್ಬರು ಸಿಟ್ಟಿನಲ್ಲೇ ಬರೆದಿದ್ದಾರೆ: “ಕರಿಯರಲ್ಲಿ ಅಪರಾಧ ಜಾಸ್ತಿ. ಪೊಲೀಸರು ಅವರನ್ನೇ ಹೆಚ್ಚು ತಡೆದರೆ ಅದರಲ್ಲಿ ವರ್ಣಭೇದ ಎಲ್ಲಿ ಬಂತು? ತಪ್ಪು ಮಾಡದವರಿಗೆ ಭಯ ಯಾಕೆ? ನನ್ನ ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಅವನನ್ನು ಒಂದು ದಿನವೂ ಯಾರೂ ತಡೆದಿಲ್ಲ. ಅಷ್ಟಕ್ಕೂ ಅಮೆರಿಕದ ಉಸಾಬರಿ ನಮಗ್ಯಾಕೆ?”

ನಿಮ್ಮ ಮೊದಲ ಮಾತಿನಲ್ಲಿ ಅರ್ಧ ನಿಜ ಇದೆ. ನ್ಯೂಯಾರ್ಕಿನಲ್ಲಿ ಕೊಲೆ, ಗುಂಡೇಟಿನ ಕೇಸುಗಳಲ್ಲಿ ಆರೋಪಿಗಳಾದವರಲ್ಲಿ ಕಪ್ಪು ಜನರ ಪಾಲು ದೊಡ್ಡದು. ಸತ್ತವರಲ್ಲೂ ಅವರದ್ದೇ ದೊಡ್ಡದು. ಇದನ್ನು ಮುಚ್ಚಿಟ್ಟು ವಾದ ಮಾಡೋದು ಬೇಡ. ಈ ಪದ್ಧತಿಯ ವಿರುದ್ಧ ಮೊಕದ್ದಮೆ ನಡೆದಾಗ ನಗರಾಡಳಿತ ಕೋರ್ಟಿನಲ್ಲಿ ಹೇಳಿದ್ದೂ ಇದನ್ನೇ. ಆರೋಪಿಗಳ ಲೆಕ್ಕ ಹೇಗಿದೆಯೋ ತಡೆದವರ ಲೆಕ್ಕವೂ ಹಾಗೇ ಇದೆ, ತಪ್ಪೇನು ಅಂತ.

2013ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟ ಫೆಡರಲ್ ನ್ಯಾಯಾಧೀಶೆ ಶೀರಾ ಶೈಂಡ್ಲಿನ್ ಇದನ್ನು ಒಪ್ಪಲಿಲ್ಲ. 2004ರಿಂದ 2012ರ ಮಧ್ಯದವರೆಗೆ ಪೊಲೀಸರು 44 ಲಕ್ಷ ಸಲ ಜನರನ್ನು ತಡೆದಿದ್ದರು. ನೂರಕ್ಕೆ 88 ಸಲ ಬಂಧನವೂ ಆಗಿಲ್ಲ, ಸಮನ್ಸೂ ಇಲ್ಲ, ಸುಮ್ನೆ ಬಿಟ್ಟು ಕಳಿಸಿದ್ದಾರೆ. ಅಂದರೆ ತಡೆದದ್ದು ಬಹುಪಾಲು ಏನೂ ಮಾಡದವರನ್ನು. ಏನೂ ಮಾಡದವರ ಬಣ್ಣವನ್ನು ಕೊಲೆ ಆರೋಪಿಗಳ ಬಣ್ಣದ ಜೊತೆ ಯಾಕೆ ತಾಳೆ ನೋಡಬೇಕು ಅನ್ನೋದು ಅವರ ಪ್ರಶ್ನೆ. ಆ ಊರಿನ ಆಗಿನ ಜನಸಂಖ್ಯೆಯಲ್ಲಿ ಕಪ್ಪು ಜನ ನೂರಕ್ಕೆ 23. ತಡೆದವರಲ್ಲಿ ಅವರು ನೂರಕ್ಕೆ 52.

ಆಯುಧದ ಲೆಕ್ಕ ಇನ್ನೂ ಸ್ವಾರಸ್ಯ. ಬಿಳಿಯರನ್ನು ತಡೆದಾಗ ನೂರಕ್ಕೆ 1.4 ಸಲ ಆಯುಧ ಸಿಕ್ಕಿತು, ಕಪ್ಪು ಜನರನ್ನು ತಡೆದಾಗ 1.0 ಸಲ. ನನಗೆ ಇದರಿಂದ ತಿಳಿಯುವುದು ಇಷ್ಟು: ಬಿಳಿಯನನ್ನು ತಡೆಯುವ ಮುಂಚೆ ಪೊಲೀಸಪ್ಪ ಸ್ವಲ್ಪ ಗಟ್ಟಿ ಕಾರಣ ನೋಡುತ್ತಿದ್ದ. ಕಪ್ಪು ಹುಡುಗನಾದರೆ ಸಣ್ಣ ಅನುಮಾನವೇ ಸಾಕಿತ್ತು.

ಆ ಅನುಮಾನ ಎಂಥದ್ದು ಅನ್ನುವುದಕ್ಕೆ ಪೊಲೀಸರ ಆಗಿನ ಫಾರಂ ನೋಡಬೇಕು. ಯುಎಫ್-250 ಅಂತ ಅದರ ಹೆಸರು. ಪ್ರತಿ ಸಲ ಯಾರನ್ನಾದರೂ ತಡೆದ ಮೇಲೆ ಇದನ್ನು ತುಂಬಬೇಕಿತ್ತು. ತಡೆದ ಕಾರಣಕ್ಕೆ ಚೌಕಗಳಿದ್ದವು, ಟಿಕ್ ಹಾಕಿದರೆ ಆಯಿತು. ‘ಕಳ್ಳ ಚಲನವಲನ’ ಅಂತ ಒಂದು ಚೌಕ. ‘ಅಪರಾಧ ಹೆಚ್ಚಿರುವ ಪ್ರದೇಶ’ ಅಂತ ಇನ್ನೊಂದು. ಯಾವ ಚಲನವಲನ, ಎಷ್ಟು ದೊಡ್ಡ ಪ್ರದೇಶ ಅಂತ ಕೇಳುವವರಿರಲಿಲ್ಲ. 1968ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಡೆದು ವಿಚಾರಿಸಲು ಅವಕಾಶ ಕೊಟ್ಟಿದ್ದು ನಿರ್ದಿಷ್ಟ ಅನುಮಾನ ಇದ್ದರೆ ಮಾತ್ರ. ಮೊಕದ್ದಮೆ ಹೂಡಿದವರಲ್ಲಿ ಒಬ್ಬ ಯುವಕ 2008ರಲ್ಲಿ ಬ್ರಾಂಕ್ಸ್‌ನ ತನ್ನ ಮನೆಯ ಹತ್ತಿರವೇ ಸಿಕ್ಕಿಬಿದ್ದ. ನೆಲಮಾಳಿಗೆಯ ಬಾಡಿಗೆದಾರನಿಗೆ ಬಾಗಿಲು ತೆಗೆಯಲು ಆಗಿರಲಿಲ್ಲ. ಈತ ಮೇಲಿನಿಂದ ಕೀಲಿಗೊಂಚಲು ತಂದು ಒಂದೊಂದಾಗಿ ಹಾಕಿ ನೋಡುತ್ತಿದ್ದ. ಮೂವರು ಪೊಲೀಸರು ಬಂದು ಮೈ ತಡವಿದರು. ತಪ್ಪು ಮಾಡದವರಿಗೆ ಭಯ ಯಾಕೆ ಅಂದಿರಲ್ಲ, ಇದಕ್ಕೇ.

ಪೊಲೀಸರು ಕೈಬಿಟ್ಟರೆ ಕೊಲೆ ಹೆಚ್ಚುತ್ತದೆ ಅಂತ ಆಗಿನ ಮೇಯರ್ ಮೈಕಲ್ ಬ್ಲೂಮ್‌ಬರ್ಗ್ ಹೇಳುತ್ತಲೇ ಇದ್ದರು. 2011ರಲ್ಲಿ ತಡೆದದ್ದು 6,85,724 ಸಲ, ಆ ವರ್ಷದ ಕೊಲೆಗಳು 515. 2014ರಲ್ಲಿ ತಡೆದದ್ದು ಸುಮಾರು 46 ಸಾವಿರ ಸಲ, ಕೊಲೆಗಳು 330ರ ಆಸುಪಾಸು. ತಡೆಯುವುದು ಕಮ್ಮಿಯಾದದ್ದರಿಂದಲೇ ಕೊಲೆ ಇಳಿಯಿತು ಅಂತ ನಾನು ಹೇಳುತ್ತಿಲ್ಲ. ಅವರು ಹೆದರಿಸಿದ ಹಾಗೆ ಆಗಲಿಲ್ಲ, ಅಷ್ಟೇ. 2019ರ ನವೆಂಬರ್‌ನಲ್ಲಿ ಬ್ಲೂಮ್‌ಬರ್ಗ್ ಬ್ರೂಕ್ಲಿನ್‌ನ ಚರ್ಚೊಂದರಲ್ಲಿ ನಿಂತು ಕ್ಷಮೆ ಕೇಳಿದರು. ಅಧ್ಯಕ್ಷ ಚುನಾವಣೆಗೆ ಇಳಿಯುವ ಹೊತ್ತಿಗೇ ಜ್ಞಾನೋದಯ ಆಯಿತು, ಇರಲಿ.

ಈ ಗಲಾಟೆಯಲ್ಲಿ ಮರೆತುಹೋಗುವ ಒಂದು ಸಂಗತಿ ಇದೆ. ಕಪ್ಪು ಜನ ಪೊಲೀಸರೇ ಬೇಡ ಅನ್ನುತ್ತಿಲ್ಲ. 2020ರ ಗ್ಯಾಲಪ್ ಸಮೀಕ್ಷೆಯಲ್ಲಿ ಅವರಲ್ಲಿ ನೂರಕ್ಕೆ 81 ಮಂದಿ, ನಮ್ಮ ಏರಿಯಾದಲ್ಲಿ ಪೊಲೀಸರು ಈಗಿನಷ್ಟೇ ಇರಲಿ ಅಥವಾ ಇನ್ನೂ ಜಾಸ್ತಿ ಇರಲಿ ಅಂದರು. ಅವರ ಮನೆಯಲ್ಲಿ ಕೊಲೆಯಾದರೆ ಏನಾಗುತ್ತದೆ ನೋಡಿ. ವಾಷಿಂಗ್ಟನ್ ಪೋಸ್ಟ್ 2018ರಲ್ಲಿ ದೊಡ್ಡ ನಗರಗಳ ಹತ್ತು ವರ್ಷದ ಕೊಲೆ ಕೇಸುಗಳನ್ನು ಜಾಲಾಡಿತು. ಸತ್ತವರು ಬಿಳಿಯರಾದರೆ ನೂರಕ್ಕೆ 63 ಕೇಸುಗಳಲ್ಲಿ ಯಾರಾದರೂ ಬಂಧನವಾಗಿದ್ದರು. ಕಪ್ಪು ಜನರಾದರೆ 47. ಕೊಲೆ ಕೇಸು ಬಿಡಿಸುವುದಕ್ಕೆ ಕಂಡವರು ಬಾಯಿ ಬಿಡಬೇಕು. ಹೋದ ವಾರ ಗೋಡೆಗೆ ಒರಗಿಸಿ ಜೇಬು ತಡಕಿದವರೇ ಇವತ್ತು ಬಂದು ‘ಏನು ಕಂಡೆ ಹೇಳು’ ಅಂದರೆ ಆ ಹುಡುಗ ಹೇಳುತ್ತಾನಾ? ಹೇಳಿದರೆ ತನ್ನನ್ನು ಕಾಯುತ್ತಾರೆ ಅನ್ನುವ ನಂಬಿಕೆಯಾದರೂ ಎಲ್ಲಿಂದ ಬರಬೇಕು? ಬಣ್ಣ ನೋಡಿ ತಡೆಯುವುದು ಅನ್ಯಾಯ ಅಂತ ಎಲ್ಲರೂ ಹೇಳುತ್ತಾರೆ. ಅದು ಕೆಟ್ಟ ಪೊಲೀಸುಗಾರಿಕೆ ಕೂಡ ಅನ್ನೋದು ನನ್ನ ವಾದ.

ಇನ್ನು ನಮಗ್ಯಾಕೆ ಉಸಾಬರಿ ಅನ್ನುವ ಪ್ರಶ್ನೆ. 2015ರ ಫೆಬ್ರವರಿಯಲ್ಲಿ ಅಲಬಾಮದ ಮ್ಯಾಡಿಸನ್ ಎಂಬ ಊರಿನಲ್ಲಿ ಗುಜರಾತಿನ 57 ವರ್ಷದವರೊಬ್ಬರು ಬೆಳಿಗ್ಗೆ ವಾಕಿಂಗ್ ಹೋಗಿದ್ದರು. ಮೊಮ್ಮಗನನ್ನು ನೋಡಿಕೊಳ್ಳಲು ಬಂದವರು, ಇಂಗ್ಲಿಷ್ ಬರುತ್ತಿರಲಿಲ್ಲ. ಸಣಕಲು ಕಪ್ಪು ಮನುಷ್ಯನೊಬ್ಬ ಮನೆಗಳ ಹತ್ತಿರ ಓಡಾಡುತ್ತಿದ್ದಾನೆ ಅಂತ ಯಾರೋ ಫೋನ್ ಮಾಡಿದರು. ಪೊಲೀಸ್ ಅವರನ್ನು ನೆಲಕ್ಕೆ ಅಪ್ಪಳಿಸಿದ, ಬೆನ್ನುಹುರಿಗೆ ಪೆಟ್ಟಾಯಿತು. ಪೊಲೀಸ್ ಖುಲಾಸೆಯಾದ. ನಮ್ಮ ಕಡೆಯೂ ನೋಡಿ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ ಸೂಡಾನಿನ ವಿದ್ಯಾರ್ಥಿಯ ಕಾರು ಹರಿದು ಮಹಿಳೆಯೊಬ್ಬರು ಸತ್ತರು. ಆಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಿಮ್ಮ ಮಗನನ್ನು ಯಾರೂ ತಡೆದಿಲ್ಲ ಅನ್ನುವುದು ಸಂತೋಷದ ವಿಷಯ. ಅವರ ಆಫೀಸಿನ ಕಪ್ಪು ಸಹೋದ್ಯೋಗಿಯೊಬ್ಬರನ್ನು ಇದೇ ಮಾತು ಕೇಳಿ ನೋಡಲಿ. ಏನು ಉತ್ತರ ಬಂದರೂ ಬರೆದು ಕಳಿಸಲಿ. ನಮ್ಮ ಲೇಖನಕ್ಕೆ ಪೂರ್ತಿ ವಿರುದ್ಧವಾಗಿದ್ದರೂ ಹಾಕುತ್ತೇವೆ.

— ಸಂಪಾದಕ