ಯೊಲ್ಲಾ ಫೋನ್ ಬರ್ತಿದೆ, ಕಂಪನಿ ಉಳಿಯುತ್ತಾ?

ಪ್ರಶ್ನೆ: ನಮಸ್ಕಾರ ಸಾರ್. ಊರು ದಾವಣಗೆರೆ, ಈಗ ಇರೋದು ಮ್ಯೂನಿಕ್‌ನಲ್ಲಿ. ಫಿನ್ಲೆಂಡಿನ ಯೊಲ್ಲಾ ಕಂಪನಿಯ ಹೊಸ ಫೋನಿಗೆ 99 ಯೂರೋ ಮುಂಗಡ ಕಟ್ಟಿದ್ದೇನೆ. ಗೂಗಲ್ ಹಂಗಿಲ್ಲ, ಆಪಲ್ ಹಂಗೂ ಇಲ್ಲ, ಸೇಲ್‌ಫಿಶ್ ಅಂತ ಅವರದೇ ಓಎಸ್ (ಫೋನ್ ನಡೆಸೋ ಮೂಲ ಸಾಫ್ಟ್‌ವೇರ್). ಯಾವಾಗ ಕೈಗೆ ಬರುತ್ತೋ ಅಂತ ಕಾಯ್ತಿದ್ದೇನೆ! ಗೆಳೆಯರು ಮಾತ್ರ ‘ಮುಳುಗೋ ಕಂಪನಿಗೆ ದುಡ್ಡು ಸುರಿದೆ’ ಅಂತ ನಗ್ತಾರೆ. ನಿಮ್ಮ ಅಭಿಪ್ರಾಯ?

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸೋಣ. ಬೇಡ ಅಂದರೆ ಆ ಮುಂಗಡ ವಾಪಸ್ ಕೊಡುತ್ತೇವೆ ಅಂತ ಕಂಪನಿಯೇ ಹೇಳಿದೆ. ತಗೊಂಡರೆ ಫೋನಿನ ಬೆಲೆಯಲ್ಲಿ (ಮೊದಲು ಬುಕ್ ಮಾಡಿದವರಿಗೆ 499 ಯೂರೋ ಇತ್ತು) ಅದು ಕಳೆಯುತ್ತದೆ. ಹಾಗಾಗಿ ನಗುವವರು ನಗಲಿ ಬಿಡಿ.

ಆದರೆ ಅವರು ಸುಮ್ನೆ ನಗ್ತಿಲ್ಲ. 2011ರ ಫೆಬ್ರವರಿಯಲ್ಲಿ ನೋಕಿಯಾ ಮೈಕ್ರೋಸಾಫ್ಟ್ ಕೈ ಹಿಡಿದು, ಇಂಟೆಲ್ ಜೊತೆ ಕಟ್ಟುತ್ತಿದ್ದ ಮೀಗೋ ಓಎಸ್ ಕೈಬಿಟ್ಟಿತಲ್ಲ, ಆಗ ಹೊರಬಂದ ಕೆಲವರು ಕಟ್ಟಿದ್ದೇ ಯೊಲ್ಲಾ. 2013ರ ನವೆಂಬರ್‌ನಲ್ಲಿ ಮೊದಲ ಫೋನ್ ಬಂತು. ಮುಂದಿನ ವರ್ಷ ಟ್ಯಾಬ್ಲೆಟ್ ಮಾಡುತ್ತೇವೆ ಅಂತ ಜನರ ಹತ್ತಿರ ದುಡ್ಡು ಕೇಳಿದರು. ಹದಿನೆಂಟು ಲಕ್ಷ ಡಾಲರ್‌ಗೂ ಜಾಸ್ತಿ ಸೇರಿತು. 2015ರ ಕೊನೆಗೆ ಹೂಡಿಕೆದಾರರಿಂದ ಬರಬೇಕಿದ್ದ ಹಣ ಬರಲಿಲ್ಲ, ನೌಕರರನ್ನು ಮನೆಗೆ ಕಳಿಸಿದರು, ದುಡ್ಡು ಕೊಟ್ಟವರಲ್ಲಿ ಟ್ಯಾಬ್ಲೆಟ್ ಸಿಕ್ಕಿದ್ದು ಕೆಲವರಿಗಷ್ಟೇ. ಆಮೇಲೆ ಕೈ ಹಿಡಿದಿದ್ದು ರಷ್ಯಾ. ಅಲ್ಲಿನ ಸರ್ಕಾರಿ ಟೆಲಿಕಾಂ ಕಂಪನಿ ರೋಸ್ಟೆಲಿಕಾಂ ಪಾಲು ತಗೊಂಡಿತು, ಸೇಲ್‌ಫಿಶ್‌ನಿಂದಲೇ ಅರೋರಾ ಅಂತ ಅವರ ಓಎಸ್ ಬಂತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಅದೇ ನಂಟು ಕುತ್ತಿಗೆಗೆ ಬಂತು. ಕೊನೆಗೆ 2023ರಲ್ಲಿ ಹಳೇ ಮ್ಯಾನೇಜ್‌ಮೆಂಟಿನವರೇ ವ್ಯವಹಾರವನ್ನು ಕೊಂಡು ಹೊಸದಾಗಿ ನಿಂತರು.

ಗಮನಿಸಿ, ಎರಡು ಸಲವೂ ಕೈಕೊಟ್ಟಿದ್ದು ಫೋನಲ್ಲ. ದೊಡ್ಡವರೊಬ್ಬರ ದುಡ್ಡು ನೆಚ್ಚಿಕೊಂಡು ಕೂತಿದ್ದರು, ಅದು ನಿಂತಿತು. ಈ ಸಲ 2000 ಮುಂಗಡ ಬುಕಿಂಗ್ ಬಂದರೆ ಮಾತ್ರ ಫೋನ್ ಮಾಡುತ್ತೇವೆ ಅಂತ ಮೊದಲೇ ಹೇಳಿದರು, ಕೆಲವೇ ದಿನದಲ್ಲಿ ಆ ಸಂಖ್ಯೆ ದಾಟಿತು. ಜೊತೆಗೆ ಕಾರಿನ ಪರದೆಯಂಥ ಕಡೆ ಆಂಡ್ರಾಯ್ಡ್ ಆ್ಯಪ್ ಓಡಿಸುವ ಸಾಫ್ಟ್‌ವೇರನ್ನೂ ಮಾರುತ್ತಾರೆ. ಸಣ್ಣ ಅಂಗಡಿ, ಆದರೆ ಗಿರಾಕಿ ದುಡ್ಡಲ್ಲಿ ನಡೆಯೋ ಅಂಗಡಿ. ನನಗೆ ಈ ದಾರಿ ಹಿಂದಿನ ಎರಡಕ್ಕಿಂತ ವಾಸಿ ಅನ್ನಿಸುತ್ತೆ.

ಬ್ಯಾಟರಿಯನ್ನು ನಾವೇ ಬಿಚ್ಚಿ ಬದಲಾಯಿಸಬಹುದು, ಹಿಂದಿನ ಕವರ್ರೂ ಬದಲಾಗುತ್ತೆ, ಮೈಕ್ ಮುಂತಾದವನ್ನು ಬಂದ್ ಮಾಡೋಕೆ ಪಕ್ಕದಲ್ಲೇ ಒಂದು ಸ್ವಿಚ್. ಇವೆಲ್ಲ ಫೋನ್ ಜೊತೆಗೇ ಬರುವಂಥವು, ಇವಕ್ಕಾಗಿ ತಗೊಳ್ಳಿ. ಐದು ವರ್ಷ ಅಪ್‌ಡೇಟ್ ಅಂದಿದ್ದಾರೆ. ಅದು ಕಂಪನಿ ಐದು ವರ್ಷ ಬದುಕಿದರೆ. 2026ರ ಮೊದಲಾರ್ಧದಲ್ಲಿ ಕಳಿಸುತ್ತೇವೆ ಅನ್ನೋದನ್ನೂ ಸ್ವಲ್ಪ ಎಳೆದೇ ಓದಿಕೊಳ್ಳಿ.

ಪ್ರಶ್ನೆ: ಇದು ನಮ್ಮ ಶಿವಮೊಗ್ಗದಲ್ಲಿ ಯಾವಾಗ ಸಿಗುತ್ತೆ? ಯುಪಿಐ ನಡೆಯುತ್ತಾ?

ಉತ್ತರ: ಮುಂಗಡ ಬುಕಿಂಗ್ ಇಟ್ಟಿದ್ದು ಯುರೋಪಿಯನ್ ಒಕ್ಕೂಟ, ಬ್ರಿಟನ್, ನಾರ್ವೆ, ಸ್ವಿಟ್ಜರ್ಲೆಂಡ್‌ಗೆ ಮಾತ್ರ. ನಾವು ಆ ಪಟ್ಟಿಯಲ್ಲಿಲ್ಲ. ಹಿಂದೆ ಬಂದಿದ್ದುಂಟು: 2014ರಲ್ಲಿ ಮೊದಲ ಯೊಲ್ಲಾ ಸ್ನ್ಯಾಪ್‌ಡೀಲ್‌ನಲ್ಲಿ 16,499 ರೂಪಾಯಿಗೆ ಸಿಗ್ತಿತ್ತು. ಯಾರೋ ನೆಂಟರು ಯುರೋಪಿನಿಂದ ತಂದುಕೊಟ್ಟರು ಅಂತಲೇ ಇಟ್ಟುಕೊಳ್ಳಿ, ಯುಪಿಐ ನೆಚ್ಚಿಕೊಳ್ಳಬೇಡಿ. ಆಂಡ್ರಾಯ್ಡ್ ಆ್ಯಪ್‌ಗಳು ಸೇಲ್‌ಫಿಶ್ ಒಳಗೆ ಓಡುತ್ತವೆ ನಿಜ, ವಾಟ್ಸಾಪ್‌ನಂಥವು ಹಾಕಿಕೊಳ್ಳಬಹುದು. ಆದರೆ ಬ್ಯಾಂಕಿನ ಆ್ಯಪ್ ತೆರೆದ ಕೂಡಲೇ ಇದು ಗೂಗಲ್ ಒಪ್ಪಿದ ಫೋನಾ ಅಂತ ನೋಡುತ್ತೆ, ಆಮೇಲೆ ನಿಮ್ಮ ಸಿಮ್‌ನಿಂದಲೇ ಒಂದು ಎಸ್ಸೆಮ್ಮೆಸ್ ಕಳಿಸಿ ನಂಬರ್ ಖಾತ್ರಿ ಮಾಡಿಕೊಳ್ಳುತ್ತೆ. ಈ ಎರಡರಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಳ್ಳೋ ಸಂಭವವೇ ಜಾಸ್ತಿ. ತರಕಾರಿ ಅಂಗಡಿ ಮುಂದೆ ನಿಂತು ಕ್ಯೂಆರ್ ಕೋಡ್ ನೋಡ್ತಾ ನಿಮ್ಮ ಖಾಸಗಿತನ ಕಾಪಾಡಿಕೊಂಡರೆ ಏನು ಬಂತು, ಅಲ್ವಾ? ಜೇಬಲ್ಲಿ ಇನ್ನೊಂದು ಫೋನ್ ಇದ್ದರೆ ಸರಿ.

ಪ್ರಶ್ನೆ: ಅಣ್ಣನ ಹಳೇ ಇಂಟೆಕ್ಸ್ ಆಕ್ವಾ ಫಿಶ್ ಡ್ರಾಯರ್‌ನಲ್ಲಿದೆ. ಅದೂ ಇದೇ ಓಎಸ್ ಅಂತಾನೆ, ಹೌದಾ? (ಹುಬ್ಬಳ್ಳಿ)

ಉತ್ತರ: ಹೌದು. 2016ರಲ್ಲಿ 5,499 ರೂಪಾಯಿಗೆ ಬಂದಿತ್ತು. ದಿನದ ಬಳಕೆಗೆ ಬೇಡ, ಹಳೇದಾಯ್ತು. ಆದರೆ ಚಾರ್ಜ್ ಏರಿದರೆ ಒಂದು ಕೆಲಸ ಮಾಡಿ. ಯಾವುದಾದರೂ ಆ್ಯಪ್ ತೆರೆದು ಪರದೆಯನ್ನು ಬೆರಳಲ್ಲಿ ಕೆಳಗೆ ಎಳೆಯಿರಿ. ಮೇಲಿನಿಂದ ಮೆನು ಇಳಿದು ಬರುತ್ತೆ, ಎಳೆದಷ್ಟೂ ಒಂದೊಂದೇ ಸಾಲು ಹೊಳೆಯುತ್ತಾ ಹೋಗುತ್ತೆ, ಬೇಕಾದ ಸಾಲಿಗೆ ಬಂದಾಗ ಬೆರಳು ಎತ್ತಿದರೆ ಸಾಕು, ಆಯ್ಕೆ ಆಯ್ತು. ಪರದೆ ತುದಿಯಿಂದ ಒಳಗೆ ಸವರಿದರೆ ಆ್ಯಪ್‌ನಿಂದ ಆಚೆ. ಹೋಮ್ ಬಟನ್ ಹುಡುಕೋ ಕೆಲಸವೇ ಇಲ್ಲ. ಅಭಿಮಾನಿಗಳು ಇಷ್ಟು ವರ್ಷ ಇವರ ಬೆನ್ನು ಬಿಡದೆ ಕೂತಿರೋದಕ್ಕೆ ಅರ್ಧ ಕಾರಣ ಈ ಬೆರಳಾಟವೇ ಅಂತ ನನ್ನ ಲೆಕ್ಕ.

ಪ್ರಶ್ನೆ: ಫೋನ್ ಕೊಳ್ಳೋ ಮೊದಲು ಸೇಲ್‌ಫಿಶ್ ರುಚಿ ನೋಡಬಹುದಾ?

ಉತ್ತರ: ನೋಡಬಹುದು. ಸೋನಿ ಎಕ್ಸ್‌ಪೀರಿಯಾ 10ರ ಕೆಲವು ಮಾಡೆಲ್‌ಗಳಿಗೆ ಉಚಿತ ಟ್ರಯಲ್ ಇದೆ. ಅದರಲ್ಲಿ ಆಂಡ್ರಾಯ್ಡ್ ಆ್ಯಪ್ ನಡೆಯಲ್ಲ. ಹಾಕುವಾಗ ಫೋನಿನಲ್ಲಿರೋದೆಲ್ಲ ಅಳಿಸಿಹೋಗುತ್ತೆ, ಫೋಟೋ ಮೊದಲೇ ತೆಗೆದಿಟ್ಟುಕೊಳ್ಳಿ. ಬೂಟ್‌ಲೋಡರ್ ಅನ್‌ಲಾಕ್ (ಬೇರೆ ಓಎಸ್ ಹಾಕೋಕೆ ಫೋನಿನ ಒಳಬೀಗ ತೆಗೆಯೋದು) ಮಾಡಿ ಅಭ್ಯಾಸ ಇಲ್ಲದಿದ್ದರೆ ಗೊತ್ತಿರೋರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಶುರು ಮಾಡಿ.