ಮೂಟೆಗೆ ಹಲಗೆ, ಅಜ್ಜಿಗೆ ಮೆಟ್ಟಿಲು

ಪತ್ರ: ಮಂಡಿಪೇಟೆಯಲ್ಲಿ ತಾತನ ಕಾಲದ ದಿನಸಿ ಅಂಗಡಿಯನ್ನು ನವೀಕರಿಸುತ್ತಿದ್ದೇನೆ. ರಸ್ತೆಯಿಂದ ಮೂರು ಮೆಟ್ಟಿಲು ಎತ್ತರ. ಗಾಲಿಕುರ್ಚಿಗೆ ಇಳಿಜಾರು ಬೇಕು ಎನ್ನುತ್ತಾರೆ ಎಂಜಿನಿಯರ್. ಇಪ್ಪತ್ತು ವರ್ಷಗಳಲ್ಲಿ ಅಂಥ ಗಿರಾಕಿ ಒಬ್ಬರೂ ಬಂದಿಲ್ಲ. ನಿಯಮವೆಲ್ಲ ಸಣ್ಣ ವ್ಯಾಪಾರಿಗಳಿಗೇ ಏಕೆ?
– ಓದುಗ, ದಾವಣಗೆರೆ

ಉತ್ತರ: ಲೆಕ್ಕದ ಮಟ್ಟಿಗೆ ನಿಮ್ಮ ಸಂಕಟ ನಿಜ. ಇಳಿಜಾರಿನ ಅಳತೆ 1:12, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಮೂರು ಮೆಟ್ಟಿಲು ಒಂದೂವರೆ ಅಡಿ ಎಂದುಕೊಂಡರೂ 18 ಅಡಿ ಬೇಕು. ಮಂಡಿಪೇಟೆಯಲ್ಲಿ ಅಷ್ಟು ಜಾಗ ಎಲ್ಲಿಂದ ತರುತ್ತೀರಿ? ಒಪ್ಪಿದೆ. ನನ್ನ ಒಪ್ಪಿಗೆ ಇಲ್ಲಿಗೆ ಮುಗಿಯಿತು.

ಗಿರಾಕಿ ಬಂದಿಲ್ಲವೆಂದಿರಿ. ಬಾವಿಗೆ ಮುಚ್ಚಳ ಬಡಿದು, ಯಾರೂ ನೀರು ಸೇದಲಿಲ್ಲ ಎಂದಂತಾಯಿತು. ಅಕ್ಕಿ ಮೂಟೆಯ ಕೈಗಾಡಿ ಹತ್ತಿಸಲು ಹಮಾಲರು ಹಲಗೆ ಹಾಸುತ್ತಾರಲ್ಲ, ಆಗ ಜಾಗ ಸಿಗುತ್ತದೆ. ನಮ್ಮ ಬಡಾವಣೆಗಳಲ್ಲೂ ಇದೇ ಕಥೆ. ಬೈಕ್ ಒಳಗೆ ಬರಲೆಂದು ಚರಂಡಿ ದಾಟಿ ರಸ್ತೆಯವರೆಗೆ ಸಿಮೆಂಟ್ ಇಳಿಜಾರು. ಪಕ್ಕದಲ್ಲೇ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವ ಅಜ್ಜಿ.

ನನ್ನ ಸೋದರತ್ತೆಗೆ ಎಂಬತ್ತೊಂದು. ಪಿಂಚಣಿಗಾಗಿ ಪ್ರತಿ ನವೆಂಬರಿನಲ್ಲಿ ಬದುಕಿದ್ದೇನೆಂದು ಸಾಬೀತು ಮಾಡಬೇಕು. ಬ್ಯಾಂಕು ಮೊದಲ ಮಹಡಿಯಲ್ಲಿ, ಅವರು ಕೆಳಗೆ ಆಟೋದಲ್ಲಿ. ಕಳೆದ ವರ್ಷ ಗುಮಾಸ್ತರೊಬ್ಬರು ಇಳಿದು ಬಂದು, ಆಟೋದೊಳಗೆ ಬಗ್ಗಿ ನೋಡಿ, 'ಇದ್ದಾರೆ, ಇದ್ದಾರೆ' ಎಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಅತ್ತೆ ಶಾಲೆಯಲ್ಲಿ ಕನ್ನಡ ಕಲಿಸಿದವರು. ಸಹಿ ಹಾಕುತ್ತೇನೆ ಎನ್ನುವಷ್ಟರಲ್ಲಿ ಅವರು ಮೆಟ್ಟಿಲೇರಿಯಾಗಿತ್ತು.

ಇನ್ನು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ಜನ ಬಂದು ಹೋಗುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. ವ್ಯಾಪಾರದ ಜಾಗವೂ ಅದರಲ್ಲಿ ಸೇರಿದೆ. ನಿಯಮ ಪಾಲಿಸದ ನಕ್ಷೆಗೆ ಪರವಾನಗಿ ಕೊಡುವಂತಿಲ್ಲ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟಿದ್ದ ಐದು ವರ್ಷ ಯಾವತ್ತೋ ಮುಗಿಯಿತು. ಈ ಕಾಯ್ದೆಯಡಿ 2017ರಲ್ಲಿ ಬಂದ ನಿಯಮಗಳಲ್ಲಿ ಕಟ್ಟಡ ಪ್ರವೇಶದ ಮಾನದಂಡಗಳು ಬರೀ ಸಲಹೆಯ ಧಾಟಿಯಲ್ಲಿವೆ ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ತರಾಟೆಗೆ ತೆಗೆದುಕೊಂಡು, ಕಡ್ಡಾಯ ನಿಯಮ ರೂಪಿಸಿ ಎಂದಿತು. ಸಣ್ಣವರಿಗೇ ಏಕೆ ಎಂದು ಕೇಳಿದಿರಿ. ದೊಡ್ಡವರಿಗೂ ಇದೆ, ಕೇಳುವವರಿಲ್ಲ ಅಷ್ಟೆ. ನಿಮ್ಮ ಎಂಜಿನಿಯರ್ ಬಾಯಿಬಿಟ್ಟು ಹೇಳಿದರಲ್ಲ, ಅವರಿಗೊಂದು ಬೆಣ್ಣೆದೋಸೆ ಕೊಡಿಸಿ.

ಆ ಮೂರು ಮೆಟ್ಟಿಲು ನಿಮ್ಮ ತಾತ ಸುಮ್ಮನೆ ಕಟ್ಟಿಸಿದ್ದಲ್ಲ, ಚರಂಡಿ ನೀರಿಗೆ ಹೆದರಿ ಕಟ್ಟಿಸಿದ್ದು. ಹಳೆಯ ಡಾಂಬರು ಕೆರೆಯದೆ ಅದರ ಮೇಲೇ ಹೊಸ ಪದರ ಸುರಿಯುವ ಗುತ್ತಿಗೆದಾರನಿಂದ ರಸ್ತೆ ಏರುತ್ತದೆ, ರಸ್ತೆಗೆ ಹೆದರಿ ಅಂಗಡಿಯ ಅಡಿಪಾಯ ಏರುತ್ತದೆ. ಈ ಪೈಪೋಟಿಯಲ್ಲಿ ಊರೇ ಅಟ್ಟ ಹತ್ತಿ ಕೂತಿದೆ. ಪಾದಚಾರಿ ಮಾರ್ಗದ ಮಾತು ಎತ್ತಿದರೆ ಈ ಸಂಚಿಕೆ ಸಾಲದು.

ಹೇಗೂ ನೆಲ ಅಗೆಸುತ್ತಿದ್ದೀರಿ. ಗಲ್ಲಾಪೆಟ್ಟಿಗೆಯ ಮುಂದಿನ ಭಾಗವನ್ನಾದರೂ ರಸ್ತೆಗಿಂತ ನಾಲ್ಕೇ ಬೆರಳು ಎತ್ತರವಿರುವಂತೆ ಇಳಿಸಿ, ನೀರಿಗೆ ಬಾಗಿಲಲ್ಲಿ ಜಾಲರಿಯ ಕಾಲುವೆ ಮಾಡಿಸಿ. ಆಗ ಮೂರು ನಾಲ್ಕು ಅಡಿ ಇಳಿಜಾರು ಸಾಕು, ಅದೂ ಅಂಗಡಿಯೊಳಗೇ ಕೂರುತ್ತದೆ. ಮುಗಿದ ದಿನ ಒಂದು ಕಾರ್ಡು ಹಾಕಿ, ಅತ್ತೆಯನ್ನು ಕರೆತರುತ್ತೇನೆ. ಬೆಲ್ಲದ ಅಚ್ಚನ್ನು ಒಂದೊಂದಾಗಿ ಮೂಸಿ ನೋಡಿ, ಆಮೇಲೆ ಚೌಕಾಸಿಗೆ ಇಳಿಯುವವರು. ಮೊದಲೇ ಹೇಳಿಬಿಟ್ಟಿದ್ದೇನೆ.

– ಸಂ.